ಹಂದಿಯ ತಲೆಬುರುಡೆಯ ಜಿಡ್ಡು ತೆಗೆಯುವುದು ಹೇಗೆ?

ಪ್ರಶ್ನೆ: ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆಂದು ಮಾಂಸದಂಗಡಿಯಿಂದ ತಂದ ಹಂದಿಯ ತಲೆಬುರುಡೆಯನ್ನು ಕುದಿಸಿ ಶುಚಿಗೊಳಿಸಿದ್ದೆ; ಎರಡೇ ತಿಂಗಳಲ್ಲಿ ಹಳದಿ ಕಲೆಗಳು ಮೂಡಿ, ಮುಟ್ಟಿದರೆ ಕೈಗೆ ಜಿಡ್ಡು ಅಂಟುತ್ತಿದೆ. ಬ್ಲೀಚಿಂಗ್ ಪೌಡರ್ ಬಳಸಬಹುದೇ?

ಉತ್ತರ 1: ದಯವಿಟ್ಟು ಬೇಡ, ಕ್ಲೋರಿನ್ ಮೂಳೆಯನ್ನೇ ಸವೆಸಿ ಪುಡಿಪುಡಿಯಾಗಿಸುತ್ತದೆ. ಕುದಿಸಿದ್ದರಿಂದ ಕೊಬ್ಬು ಮೂಳೆಯ ರಂಧ್ರಗಳೊಳಕ್ಕೆ ಇಳಿದಿದೆ. ಪಾತ್ರೆ ತೊಳೆಯುವ ದ್ರವ ಬೆರೆಸಿದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಬುರುಡೆಯನ್ನು ಮುಳುಗಿಸಿಟ್ಟು, ನೀರು ಕದಡಿದಾಗಲೆಲ್ಲ ಬದಲಿಸುತ್ತಾ, ಅದು ತಿಳಿಯಾಗಿಯೇ ಉಳಿಯುವವರೆಗೆ ಮುಂದುವರಿಸಿ. ಹಂದಿಯ ಮೂಳೆಯಾದ್ದರಿಂದ ತಿಂಗಳುಗಳೇ ಹಿಡಿದಾವು.

ಉತ್ತರ 2: ಜಿಡ್ಡು ಪೂರ್ತಿ ಹೋದ ಮೇಲಷ್ಟೇ, ಬಿಳುಪಿಗಾಗಿ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ, ಅನಿಲ ಹೊರಹೋಗಬೇಕಾದ್ದರಿಂದ ಮುಚ್ಚಳವನ್ನು ಬಿಗಿಯಬೇಡಿ. ನೀರನ್ನು ಸೋಸಿಯೇ ಚೆಲ್ಲಿ, ನನ್ನ ಕುರಿಯ ಬುರುಡೆಯ ಎರಡು ಹಲ್ಲುಗಳು ಚರಂಡಿ ಸೇರಿದವು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂದೇ ದೊಡ್ಡ ಬಕೆಟ್ಟೊಂದನ್ನು ತರುತ್ತೇನೆ.