ಬೋರ್‌ವೆಲ್ ಪ್ಯಾನಲ್ ಒಳಗೆ ಕೂರುವಂಥ ಪುಟ್ಟ 4ಜಿ ಮಾಡ್ಯೂಲ್ ಯಾವುದು?

ತೋಟದ_ಸ್ಟಾರ್ಟರ್

ಹಿರಿಯೂರು, ಹೊಸದುರ್ಗ ಕಡೆಯ ತೋಟಗಳ ಐಪಿ ಸೆಟ್‌ಗಳಿಗೆ ಒಂದು ಕಂಟ್ರೋಲರ್ ಬೋರ್ಡ್ ಡಿಸೈನ್ ಆಗ್ತಿದೆ. ಇಎಸ್‌ಪಿ32 (ಬೋರ್ಡ್ ನಡೆಸೋ ಚಿಪ್), ಮೂರು ಸಿಟಿ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್), ಎರಡು ರಿಲೇ. ಮಾಡ್ಯೂಲ್ ಮಾಡಬೇಕಾದ ಕೆಲಸ ಇಷ್ಟೇ:

10 ನಿಮಿಷಕ್ಕೊಮ್ಮೆ ಮೂರು ಫೇಸಿನ ವೋಲ್ಟೇಜ್, ಆಂಪ್ ಸರ್ವರ್‌ಗೆ ಕಳಿಸಬೇಕು. ಮೊಬೈಲಿಂದ ಆನ್-ಆಫ್ ಆಗಬೇಕು. ರೈತರು ಮಿಸ್ಡ್ ಕಾಲ್ ಕೊಟ್ಟರೂ ಮೋಟರ್ ಆನ್ ಆಗಬೇಕು, ಇದನ್ನು ಬಿಡೋ ಹಾಗಿಲ್ಲ. ಡ್ರೈ ರನ್ ಆದರೆ (ನೀರಿಲ್ಲದೆ ಮೋಟರ್ ಓಡಿದರೆ) ಎಸ್‌ಎಂಎಸ್ ಹೋಗಬೇಕು.

ಮಾಡ್ಯೂಲ್‌ಗೆ ಇರೋ ಜಾಗ 45 × 30 ಮಿ.ಮೀ. ಕೈಯಲ್ಲಿ ಸಿಮ್800ಎಲ್ ಇದೆ. ಅದರಲ್ಲೇ ಮುಂದುವರಿಯಬಹುದಾ, ಇಲ್ಲ 4ಜಿಯ ಎ7670ಸಿ ಅಥವಾ ಇಸಿ200ಯು ತಗೋಬೇಕಾ? ಕೆಲವು ತೋಟದಲ್ಲಿ ಜಿಯೋ ಮಾತ್ರ ಸಿಗುತ್ತೆ, ಕೆಲವು ಕಡೆ ಬಿಎಸ್‌ಎನ್‌ಎಲ್ ಮಾತ್ರ.

---

ತಾಮ್ರದ_ಗೆರೆ

ಸಿಮ್800ಎಲ್ ಪಕ್ಕಕ್ಕಿಡಿ. ಅದು ಬರೀ 2ಜಿ. ಜಿಯೋದಲ್ಲಿ 2ಜಿಯೂ ಇಲ್ಲ, 3ಜಿಯೂ ಇಲ್ಲ. ಹಾಗಾಗಿ ಜಿಯೋ ಮಾತ್ರ ಸಿಗೋ ತೋಟದಲ್ಲಿ ಆ ಮಾಡ್ಯೂಲ್ ನೆಟ್‌ವರ್ಕ್ ಹುಡುಕ್ತಾನೇ ಇರುತ್ತೆ. ಎಲ್‌ಇಡಿ ಸೆಕೆಂಡಿಗೊಂದು ಸಲ ಮಿಣುಕ್ತಾ ಇದ್ದರೆ ನೋಂದಣಿ ಆಗಿಲ್ಲ ಅಂತ. 3 ಸೆಕೆಂಡಿಗೊಂದು ಸಲಕ್ಕೆ ಇಳಿದರೆ ಮಾತ್ರ ಆಗಿದೆ ಅಂತ. ಏರ್‌ಟೆಲ್, ವಿಐ 2ಜಿ ಇನ್ನೂ ನಡೀತಿದೆ ನಿಜ, ಆದರೆ ಹೊಸ ಬೋರ್ಡನ್ನು ಅದರ ಮೇಲೆ ನಿಲ್ಲಿಸಬೇಡಿ.

ಕ್ಯಾಟ್-ಎಂ1 ಅಥವಾ ಎನ್‌ಬಿ-ಐಒಟಿ (ಕಮ್ಮಿ ವಿದ್ಯುತ್ತಿನ 4ಜಿ ವಿಧಗಳು) ಮಾತ್ರ ಇರೋ ಮಾಡ್ಯೂಲ್‌ಗಳೂ (ಸಿಮ್7080ಜಿ ಥರದವು) ಅಂಗಡಿಯಲ್ಲಿ ಕಾಣುತ್ತವೆ. ವಿದ್ಯುತ್ ಉಳಿತಾಯ ಅಂತ ಆಸೆಪಡಬೇಡಿ. ಸಾಮಾನ್ಯ ರೀಚಾರ್ಜ್ ಸಿಮ್ ಅದರಲ್ಲಿ ನಡೆಯಲ್ಲ. ನಿಮಗೆ ಬೇಕಾದ್ದು ಎಲ್‌ಟಿಇ ಕ್ಯಾಟ್-1, ಅಂದರೆ ಮಾಮೂಲಿ 4ಜಿಯಲ್ಲೇ ಓಡೋ ಕಮ್ಮಿ ವೇಗದ ವಿಧ.

ಎ7670ಸಿ 24 × 24 ಮಿ.ಮೀ. ನಿಮ್ಮ ಜಾಗದಲ್ಲಿ ಆರಾಮಾಗಿ ಕೂರುತ್ತೆ. ಆದರೆ ಹೆಸರಿನ ಕೊನೆಗೆ ಬರೋ ನಾಲ್ಕಕ್ಷರದ ಬಾಲ ನೋಡಿ ತಗೊಳ್ಳಿ. ಕೆಲವು ಬರೀ ಡೇಟಾ, ಕೆಲವಕ್ಕೆ ಕಾಲ್ ಇದೆ, ಕೆಲವಕ್ಕೆ ಜಿಪಿಎಸ್ ಕೂಡ ಇದೆ. ಬರೀ ಡೇಟಾದ್ದು ಬಂದರೆ ನಿಮ್ಮ ಮಿಸ್ಡ್ ಕಾಲ್ ಕಥೆ ಮುಗೀತು.

---

ಬ್ಯಾಂಡ್_28

ಮೇಲಿನವರು ಹೇಳಿದ್ದು ಸರಿ, ಒಂದು ಬಿಟ್ಟು. ಮಾಡ್ಯೂಲ್ ಆರಿಸೋಕೆ ಮುಂಚೆ ಬ್ಯಾಂಡ್ ಪಟ್ಟಿ ನೋಡಿ, ಅಂದರೆ ಅದು ಯಾವ ಫ್ರೀಕ್ವೆನ್ಸಿಗಳಲ್ಲಿ ಓಡುತ್ತೆ ಅಂತ. ಜಿಯೋ 4ಜಿ ಓಡೋದು 3, 5, 40ರಲ್ಲಿ. ಊರಿಂದ ದೂರದ ತೋಟದಲ್ಲಿ ಕೈ ಹಿಡಿಯೋದು 5, ಅಂದರೆ 850 ಮೆಗಾಹರ್ಟ್ಸ್. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್ 4ಜಿಗೆ ಬ್ಯಾಂಡ್ 1 (2100) ಮತ್ತು ಬ್ಯಾಂಡ್ 28 (700). ದೂರಕ್ಕೆ ತಲುಪೋದು ಈ 700.

ಎ7670ಸಿಯಲ್ಲಿ 28 ಇಲ್ಲ. ಇಸಿ200ಯು-ಸಿಎನ್‌ನಲ್ಲೂ ಇಲ್ಲ. ಹೆಸರಲ್ಲಿ ಸಿಎನ್ ಇದ್ದರೆ 1, 3, 5, 8 ಮತ್ತು ಟಿಡಿಡಿಯ (ಕಳಿಸೋಕೂ ತಗೊಳ್ಳೋಕೂ ಒಂದೇ ಫ್ರೀಕ್ವೆನ್ಸಿ ಬಳಸೋ) 34, 38ರಿಂದ 41 ಅಷ್ಟೇ. ಬಿಎಸ್‌ಎನ್‌ಎಲ್ ಟವರ್‌ನಲ್ಲಿ 2100 ಇದ್ದರೆ ಸಿಗುತ್ತೆ, ಬರೀ 700 ಇರೋ ಕಡೆ 4ಜಿ ಸಿಗಲ್ಲ. ಪಕ್ಕದಲ್ಲೇ ಇರೋ ಫೋನಲ್ಲಿ ಫುಲ್ ಕಡ್ಡಿ ಕಂಡರೂ ಮಾಡ್ಯೂಲ್‌ಗೆ 4ಜಿ ಕಾಣಲ್ಲ. ಆಗ ಎಲ್ಲರೂ ಬೈಯೋದು ಆಂಟೆನಾನ.

ನಿಮ್ಮ ಲೆಕ್ಕಕ್ಕೆ ಉಳಿಯೋದು ಎರಡು:

ಇಸಿ200ಯು-ಇಯು: 1, 3, 5, 7, 8, 20, 28, ಜೊತೆಗೆ 38, 40, 41 ಮತ್ತು 2ಜಿ. ಎಲ್ಲಾ ಕಂಪನಿಗೂ ಆಗುತ್ತೆ. ಆದರೆ ಅಳತೆ 31 × 28. ನಿಮ್ಮ 30 ಮಿ.ಮೀ. ಅಗಲದಲ್ಲಿ ಎರಡೂ ಬದಿಗೆ ತಲಾ 1 ಮಿ.ಮೀ. ಉಳಿಯುತ್ತೆ, ಗೆರೆ ಎಳೆಯೋಕೂ ಜಾಗ ಸಾಲಲ್ಲ.

ಇಜಿ915ಯು-ಇಯು: 23.6 × 19.9. ಎಫ್‌ಡಿಡಿ (ಕಳಿಸೋಕೆ, ತಗೊಳ್ಳೋಕೆ ಬೇರೆ ಬೇರೆ ಫ್ರೀಕ್ವೆನ್ಸಿ ಬಳಸೋ) ಬ್ಯಾಂಡ್‌ಗಳು ಅವೇ, 28 ಇದೆ, 2ಜಿ ಇದೆ. ಟಿಡಿಡಿ ಇಲ್ಲ, ಅಂದರೆ 40 ಇಲ್ಲ. ಬ್ಯಾಂಡ್ 40 ಪೇಟೆಯಲ್ಲಿ ಹೆಚ್ಚು ಡೇಟಾ ಹರಿಸೋಕೆ ಇರೋದು. 10 ನಿಮಿಷಕ್ಕೆ ನಾಲ್ಕು ಅಂಕಿ ಕಳಿಸೋ ಬೋರ್‌ವೆಲ್‌ಗೆ ಅದಿಲ್ಲದಿದ್ದರೆ ನಷ್ಟ ಇಲ್ಲ. ನನ್ನ ಓಟು ಇದಕ್ಕೇ.

ಇಲ್ಲೂ ಕಾಲ್ ಇರೋ ರೂಪವನ್ನೇ ಕೇಳಿ ತಗೊಳ್ಳಿ. ಜಿಯೋದಲ್ಲಿ ಕಾಲ್ ಬರೋದು ವೋಲ್ಟ್‌ಇ (4ಜಿಯಲ್ಲೇ ಸಾಗೋ ಕಾಲ್) ಮೇಲೆ ಮಾತ್ರ. ಏರ್‌ಟೆಲ್‌ನಲ್ಲಾದರೆ ವೋಲ್ಟ್‌ಇ ಕೈಕೊಟ್ಟರೂ 2ಜಿಗೆ ಇಳಿದು ರಿಂಗ್ ಆಗುತ್ತೆ, ಜಿಯೋಗೆ ಇಳಿಯೋಕೆ ಕೆಳಗೆ ಏನೂ ಇಲ್ಲ. ಹಾಗಾಗಿ ಮೊದಲು ಎರಡೇ ಎರಡು ಪೀಸ್ ತರಿಸಿ, ಜಿಯೋ ಸಿಮ್ ಹಾಕಿ, ಕಾಲ್ ಕೊಟ್ಟು ನೋಡಿ. ರಿಂಗ್ ಬಂದ ಮೇಲೆ ಉಳಿದದ್ದಕ್ಕೆ ಆರ್ಡರ್ ಹಾಕಿ.

---

ರಿಪಲ್_ನೋಡಿ

ಯಾವ ಮಾಡ್ಯೂಲ್ ಆದರೂ ತಗೊಳ್ಳಿ, ಬೋರ್ಡ್ ಕೆಡೋದು ಸಪ್ಲೈನಲ್ಲೇ.

4ಜಿಯಲ್ಲಿ ಇರೋವಾಗ ಕರೆಂಟ್ 1 ಆಂಪ್ ಒಳಗೇ ಇರುತ್ತೆ. ಅದನ್ನೇ ನೋಡಿ ಚಿಕ್ಕ ರೆಗ್ಯುಲೇಟರ್ ಹಾಕ್ತಾರೆ. 2ಜಿಗೆ ಇಳಿದ ಕೂಡಲೇ 4.6 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೋಸೆಕೆಂಡ್ ಕಾಲ 2 ಆಂಪ್ ಎಳೆಯುತ್ತೆ. ಲೆಕ್ಕ ಹಾಕಿ: ರೆಗ್ಯುಲೇಟರ್ 1 ಆಂಪ್ ಕೊಟ್ಟು, ಉಳಿದ 1 ಆಂಪ್ 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ ಬಂದರೆ 577 ಮೈಕ್ರೋಸೆಕೆಂಡಲ್ಲಿ ಇಳಿಯೋದು 0.58 ವೋಲ್ಟ್. 3.8 ಇದ್ದದ್ದು 3.22 ಆಯ್ತು. ಮಾಡ್ಯೂಲ್‌ಗೆ ಕನಿಷ್ಠ 3.3 ಬೇಕು. ಸರಿಯಾಗಿ ಕಾಲ್ ಬರೋ ಹೊತ್ತಿಗೇ ರೀಸೆಟ್! ಕೆಪಾಸಿಟರ್ ಎಷ್ಟೇ ದೊಡ್ಡದಿರಲಿ, ಬಕ್ ಕನ್ವರ್ಟರೇ (ವೋಲ್ಟೇಜ್ ಇಳಿಸೋ ರೆಗ್ಯುಲೇಟರ್) 2 ಆಂಪ್ ಕೊಡಬೇಕು, 3 ಆಂಪ್‌ನದು ಹಾಕಿದರೆ ನೆಮ್ಮದಿ.

ಔಟ್‌ಪುಟ್ 3.8 ವೋಲ್ಟ್. ಮಾಡ್ಯೂಲ್ ಪಿನ್ ಪಕ್ಕದಲ್ಲೇ ಕಡಿಮೆ ಇಎಸ್‌ಆರ್‌ನ (ಒಳರೋಧದ) 470ರಿಂದ 1000 ಮೈಕ್ರೋಫ್ಯಾರಡ್, ಜೊತೆಗೆ 100 ನ್ಯಾನೋ, 33 ಪಿಕೋ, 10 ಪಿಕೋ. ಸಪ್ಲೈ ಗೆರೆ 2 ಮಿ.ಮೀ.ಗಿಂತ ಅಗಲ, ಗ್ರೌಂಡ್‌ಗೆ ಪೂರ್ತಿ ತಾಮ್ರ. ಬ್ರೆಡ್‌ಬೋರ್ಡ್ ಜಂಪರ್ ವೈರಲ್ಲಿ ಪರೀಕ್ಷೆ ಮಾಡಿ ಮಾಡ್ಯೂಲ್ ಸರಿಯಿಲ್ಲ ಅನ್ನಬೇಡಿ. ಹೋಗಿ ಬರೋ ವೈರ್, ಕ್ಲಿಪ್ ಎಲ್ಲಾ ಸೇರಿ 0.15 ಓಮ್ ಇದ್ದರೂ 2 ಆಂಪ್‌ಗೆ 0.3 ವೋಲ್ಟ್ ಅಲ್ಲೇ ಕರಗುತ್ತೆ. ಮಲ್ಟಿಮೀಟರ್‌ನಲ್ಲಿ ಇದು ಕಾಣಲ್ಲ, ಸ್ಕೋಪ್ ಬೇಕು.

ಎರಡನೇದು ಯುಆರ್ಟ್, ಅಂದರೆ ಎರಡು ಚಿಪ್ ಮಾತಾಡಿಕೊಳ್ಳೋ ಸೀರಿಯಲ್ ಗೆರೆ. ಇವೆಲ್ಲಾ 1.8 ವೋಲ್ಟ್ ಪಿನ್‌ಗಳು, ಇಎಸ್‌ಪಿ32 3.3. ನೇರ ಜೋಡಿಸಿದರೆ ಮಾಡ್ಯೂಲ್ ಆಫ್ ಇದ್ದಾಗಲೂ ಪಿನ್ ಮೂಲಕ ಒಳಗೆ ವೋಲ್ಟೇಜ್ ನುಸುಳುತ್ತೆ. ಆಮೇಲೆ ಪವರ್‌ಕೀ ಒತ್ತಿದರೆ ಏಳೋದೇ ಇಲ್ಲ. ಲೆವೆಲ್ ಶಿಫ್ಟರ್ ಹಾಕಿ, ಅದರ 1.8 ಬದಿಗೆ ಮಾಡ್ಯೂಲ್‌ನದೇ ವಿಡಿಡಿ_ಎಕ್ಸ್ಟ್ (1.8 ವೋಲ್ಟ್ ಹೊರಗೆ ಕೊಡೋ ಪಿನ್) ಕೊಡಿ. ಮಾಡ್ಯೂಲ್ ಆಫ್ ಆದರೆ ಶಿಫ್ಟರ್ ಕೂಡ ಆಫ್.

ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್‌ಗೆ ಹಾಕೋ ಕೆಪಾಸಿಟರ್ ವರ್ಗ) ಸ್ನಬ್ಬರ್ ಹಾಕಿ, ಕಾಯಿಲ್ ಆಫ್ ಆಗೋವಾಗ ಏಳೋ ವೋಲ್ಟೇಜನ್ನು ಅದು ನುಂಗುತ್ತೆ. ಕೆಪಾಸಿಟರ್ ರೇಟಿಂಗ್ ಕಾಯಿಲ್ ವೋಲ್ಟೇಜಿಗೆ ತಕ್ಕಂತೆ ಇರಲಿ. 415 ವೋಲ್ಟ್ ಕಾಯಿಲ್‌ಗೆ 275 ವೋಲ್ಟ್‌ನದು ಹಾಕಿದರೆ ಸಿಡಿಯುತ್ತೆ.

---

ತೋಟದ_ಸ್ಟಾರ್ಟರ್

ಇಜಿ915ಯು-ಇಯು ಕಡೆಗೇ ಮನಸ್ಸಾಯ್ತು. ಎರಡು ಸಂಶಯ: ಪ್ಯಾನಲ್ ಕಬ್ಬಿಣದ ಪೆಟ್ಟಿಗೆ, ಸಿಮ್800ಎಲ್ ಜೊತೆ ಬಂದ ಸ್ಪ್ರಿಂಗ್ ಆಂಟೆನಾ ಇದಕ್ಕೆ ಆಗುತ್ತಾ? ಮತ್ತೆ ಸಾಫ್ಟ್‌ವೇರ್ ಕಡೆಯಿಂದ ಏನು ಎಚ್ಚರ?

---

ಬ್ಯಾಂಡ್_28

ಸ್ಪ್ರಿಂಗ್ ಬೇಡ, ಅದು 900/1800ಕ್ಕೆ ಸುತ್ತಿದ್ದು. 700ರಿಂದ 2700 ಮೆಗಾಹರ್ಟ್ಸ್ ಅಂತ ಬರೆದಿರೋ ಎಲ್‌ಟಿಇ ಆಂಟೆನಾ ಪೆಟ್ಟಿಗೆಯ ಹೊರಗೆ ಇರಬೇಕು. ಕೇಬಲ್ ಉದ್ದ ಕಮ್ಮಿ ಮಾಡಿ. ಆರ್‌ಜಿ174 ಮೀಟರಿಗೆ ಸುಮಾರು 1 ಡಿಬಿ ತಿನ್ನುತ್ತೆ (900ರಲ್ಲಿ), 3 ಮೀಟರ್ ಎಳೆದರೆ ಅರ್ಧ ಶಕ್ತಿ ದಾರಿಯಲ್ಲೇ ಹೋಯ್ತು. ಪಂಪ್‌ಹೌಸ್ ಚಾವಣಿಗೆ ಏರಿಸಲೇಬೇಕಾದರೆ ಆರ್‌ಜಿ58 ಹಾಕಿ.

ಸಿಗ್ನಲ್ ಎಷ್ಟಿದೆ ಅಂತ ಕೇಳೋ ಎಟಿ+ಸಿಎಸ್‌ಕ್ಯೂ ಕಮಾಂಡ್ ಕೊಟ್ಟಾಗ ಬರೋ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೀರಿ, ಡಿಬಿಎಂ ಸಿಗುತ್ತೆ. 10 ಬಂದರೆ ಮೈನಸ್ 93. 99 ಬಂದರೆ ಗೊತ್ತಿಲ್ಲ ಅಂತ ಅರ್ಥ, ಅದನ್ನು ಒಳ್ಳೇ ಸಿಗ್ನಲ್ ಅಂದುಕೊಂಡು ಸರ್ವರ್‌ಗೆ ಕಳಿಸೋ ಕೋಡ್ ಬೇಕಾದಷ್ಟಿದೆ.

---

ತಾಮ್ರದ_ಗೆರೆ

ಸಾಫ್ಟ್‌ವೇರ್ ಬಗ್ಗೆ:

ಸಾಮಾನ್ಯ ಸಿಮ್‌ಗೆ ಹೊರಗಿಂದ ನೇರ ಸಂಪರ್ಕ ಮಾಡೋಕೆ ಆಗಲ್ಲ. ಬೋರ್ಡೇ ಎಂಕ್ಯುಟಿಟಿ (ಪುಟ್ಟ ಸಂದೇಶ ಸಾಗಿಸೋ ವಿಧಾನ) ಸರ್ವರ್‌ಗೆ ಹೋಗಿ ಸಂಪರ್ಕ ತೆರೆದಿಟ್ಟುಕೊಳ್ಳಲಿ, 3-4 ನಿಮಿಷಕ್ಕೊಂದು ಪಿಂಗ್ ಇರಲಿ. ಇಲ್ಲದಿದ್ದರೆ ನೆಟ್‌ವರ್ಕ್ ಸದ್ದಿಲ್ಲದೆ ಸಂಪರ್ಕ ಕಡಿದಿರುತ್ತೆ, ಆನ್ ಕಮಾಂಡ್ ತಲುಪೋದೇ ಇಲ್ಲ. ಎಪಿಎನ್ (ಡೇಟಾಗೆ ಸೇರೋಕೆ ಕೊಡೋ ಹೆಸರು) ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಪಿಡಿಪಿ (ಡೇಟಾ ಸಂಪರ್ಕದ) ವಿಧ ಐಪಿವಿ4ವಿ6 ಇಡಿ.

ಮಿಸ್ಡ್ ಕಾಲ್‌ಗೆ ಸಿಎಲ್‌ಐಪಿ (ಕರೆದವರ ನಂಬರ್ ತೋರಿಸೋದು) ಆನ್ ಮಾಡಿ, ನಂಬರ್ ಬಂದ ತಕ್ಷಣ ಕಾಲ್ ಕಟ್ ಮಾಡಿ. ಹೋಲಿಸೋದು ಕೊನೆಯ 10 ಅಂಕಿ ಮಾತ್ರ. ಒಮ್ಮೆ +91, ಒಮ್ಮೆ 0, ಒಮ್ಮೆ ಏನೂ ಇಲ್ಲದೆ ಬರುತ್ತೆ. 13 ಅಂಕಿಯ ಎಂ2ಎಂ (ಯಂತ್ರಗಳಿಗೆಂದೇ ಇರೋ) ಸಿಮ್ ತಗೊಳ್ಳೋದಾದರೆ ಮೊದಲೇ ಗೊತ್ತುಪಡಿಸಿದ ಕೆಲವೇ ನಂಬರ್‌ಗೆ ಕಾಲ್, ಎಸ್‌ಎಂಎಸ್ ಅನ್ನೋದು ನೆನಪಿರಲಿ.

ನೆಟ್‌ವರ್ಕ್ ಹೋದರೆ ಮೊದಲು ಎಟಿ+ಸಿಫನ್=1,1 ಕೊಟ್ಟು ಮಾಡ್ಯೂಲ್ ರೀಸ್ಟಾರ್ಟ್ ಮಾಡಿ. ಹತ್ತು ನಿಮಿಷ ಆದರೂ ಬರಲಿಲ್ಲ ಅಂದರೆ ಮಾಡ್ಯೂಲ್ ಸಪ್ಲೈಯನ್ನೇ ಮಾಸ್ಫೆಟ್‌ನಿಂದ (ಎಲೆಕ್ಟ್ರಾನಿಕ್ ಸ್ವಿಚ್) 5 ಸೆಕೆಂಡ್ ಕಡಿದು ಕೊಡಿ. ಮಾಸ್ಫೆಟ್‌ಗೆ ಬೋರ್ಡಲ್ಲಿ ಈಗಲೇ ಜಾಗ ಬಿಡಿ.

ತ್ರೀ ಫೇಸ್ ಬಂದ ಕೂಡಲೇ ಫೀಡರಿನ ಅಷ್ಟೂ ಬೋರ್ಡ್ ಒಟ್ಟಿಗೆ ಏಳುತ್ತವೆ. ನೋಂದಣಿಗೂ ಮೋಟರ್ ಸ್ಟಾರ್ಟಿಗೂ ಬೇರೆ ಬೇರೆ ರ‍್ಯಾಂಡಮ್ ತಡ ಹಾಕಿ: ಮಾಡ್ಯೂಲ್‌ಗೆ 60 ಸೆಕೆಂಡ್ ಒಳಗೆ, ಮೋಟರ್‌ಗೆ 2ರಿಂದ 5 ನಿಮಿಷ. ಸೀಡ್‌ಗೆ (ರ‍್ಯಾಂಡಮ್ ಲೆಕ್ಕ ಶುರುವಾಗೋ ಅಂಕಿ) ಐಎಂಇಐ (ಪ್ರತಿ ಮಾಡ್ಯೂಲಿನ ಸ್ವಂತ ನಂಬರ್) ಬಳಸಿ, ಇಲ್ಲದಿದ್ದರೆ ಎಲ್ಲಾ ಬೋರ್ಡಿನ ರ‍್ಯಾಂಡಮ್ಮೂ ಒಂದೇ ಆಗಿಬಿಡಬಹುದು.