‘ವಾಷಿಂಗ್ಟನ್’: ಅಡ್ಡಹೆಸರೋ, ಮನೆತನದ ಹೆಸರೋ?

ಮಕ್ಕಳಿಗಾಗಿ ಊರುಗಳ ಹೆಸರಿನ ಬಗ್ಗೆ ಬರೆಯುತ್ತಿದ್ದೇನೆ. ‘ವಾಷಿಂಗ್ಟನ್’ ಬಳಿ ಬಂದು ಇಂಗ್ಲಿಷಿನ ‘ಸರ್‌ನೇಮ್’ಗೆ ಒಪ್ಪುವ ಒಂದು ಕನ್ನಡ ಪದಕ್ಕಾಗಿ ತಡವರಿಸುತ್ತಿದ್ದೇನೆ.

‘ವಾಷ್’ ಎಂದು ಶುರುವಾದರೂ ಈ ಹೆಸರಿಗೂ ತೊಳೆಯುವುದಕ್ಕೂ ಏನೂ ಸಂಬಂಧವಿಲ್ಲ. ಇಂಗ್ಲೆಂಡಿನ ಈಶಾನ್ಯದಲ್ಲಿ, ಹಿಂದೆ ಡರ್ಹಮ್ ಸೀಮೆಗೆ ಸೇರಿದ್ದ ಹಳೆಯ ಊರು ವಾಷಿಂಗ್ಟನ್. ಹ್ವಾಸ ಎಂಬವನ ಕಡೆಯವರ ‘ಟೂನ್’ ಅದು. ಹಳೆಯ ಇಂಗ್ಲಿಷಿನಲ್ಲಿ ಟೂನ್ ಎಂದರೆ ಬೇಲಿ ಕಟ್ಟಿದ ಜಾಗ. ಬರಬರುತ್ತಾ ಒಕ್ಕಲುಮನೆ, ಆಮೇಲೆ ಊರು. ಇಂದಿನ ‘ಟೌನ್’ ಅದೇ ಪದ. ಅದರ ದಾಯಾದಿಯಾದ ಜರ್ಮನ್ನಿನ ‘ತ್ಸೌನ್’ ಈಗಲೂ ಬೇಲಿಯೇ. ನಮ್ಮ ‘ಹಟ್ಟಿ’ಯೂ ಹೀಗೆಯೇ ಅಲ್ಲವೇ? ದನಕುರಿ ಕೂಡುವ ಜಾಗಕ್ಕೂ ಹಟ್ಟಿ, ಗೊಲ್ಲರಹಟ್ಟಿಯಂಥ ಊರಿಗೂ ಹಟ್ಟಿ. ಸಸೆಕ್ಸ್‌ನಲ್ಲೂ ಒಂದು ವಾಷಿಂಗ್ಟನ್ ಇದೆ. ಅದು ವಾಸ್ಸ ಎಂಬ ಬೇರೊಬ್ಬನ ಕಡೆಯವರದು.

12ನೆಯ ಶತಮಾನದಲ್ಲಿ ವಿಲಿಯಂ ಡಿ ಹರ್ಟ್‌ಬರ್ನ್ ಎಂಬಾತ ತನ್ನ ಊರು ಹರ್ಟ್‌ಬರ್ನನ್ನು ಡರ್ಹಮ್‌ನ ಬಿಷಪ್‌ಗೆ ಬಿಟ್ಟುಕೊಟ್ಟು ಡರ್ಹಮ್ ಸೀಮೆಯ ವಾಷಿಂಗ್ಟನ್ನನ್ನು ಪಡೆದ. ಊರಿನೊಂದಿಗೆ ಅವನ ಹೆಸರೂ ಬದಲಾಯಿತು. ಆ ವಂಶದ ಜಾನ್ 1650ರ ದಶಕದಲ್ಲಿ ವರ್ಜೀನಿಯಾ ಸೇರಿದ. ಅವನ ಮರಿಮಗನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. 1791ರಲ್ಲಿ ಅಮೆರಿಕದ ಹೊಸ ರಾಜಧಾನಿಗೆ ಜಾರ್ಜ್‌ನ ಹೆಸರಿಟ್ಟಾಗ, ಊರಿನಿಂದ ಹೊರಟ ಹೆಸರು ಮತ್ತೆ ಊರನ್ನೇ ಸೇರಿತು.

ಇಷ್ಟಕ್ಕೆ ‘ಮನೆತನದ ಹೆಸರು’ ಸಾಕಿತ್ತು. ಆದರೆ ಅಮೆರಿಕದ ಕಪ್ಪು ಜನರ ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ವಿಷಯದಲ್ಲಿ ಆ ಪದ ಸೋಲುತ್ತದೆ. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆಯ ನಂತರ ಶಾಲೆಗೆ ಹೋದ ಹುಡುಗ ಅವನು. ಹಾಜರಿ ಕರೆಯುವಾಗ ಉಳಿದವರಿಗೆಲ್ಲ ಎರಡೆರಡು ಹೆಸರು, ಅವನಿಗೆ ಬೂಕರ್ ಒಂದೇ. ತನ್ನ ಸರದಿ ಬಂದಾಗ ‘ಬೂಕರ್ ವಾಷಿಂಗ್ಟನ್’ ಎಂದುಬಿಟ್ಟ. ಅವನ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಅಮೆರಿಕದ 2000ದ ಜನಗಣತಿಯಂತೆ ಈ ಹೆಸರು ಹೊತ್ತವರಲ್ಲಿ ನೂರಕ್ಕೆ ಸುಮಾರು 90 ಮಂದಿ ಆಫ್ರಿಕನ್ ಮೂಲದವರು. ಮನೆತನವನ್ನೇ ಕಸಿದುಕೊಂಡ ವ್ಯವಸ್ಥೆಯಿಂದ ಹೊರಬಂದು ಹುಡುಗ ತಾನೇ ಆರಿಸಿಕೊಂಡದ್ದನ್ನು ‘ಮನೆತನದ ಹೆಸರು’ ಎಂದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಉತ್ತರ ಕರ್ನಾಟಕದ ‘ಅಡ್ಡಹೆಸರು’ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಕಿತ್ತೂರ, ಹುಬ್ಬಳ್ಳಿ, ಬಾಗಲಕೋಟಿ ಎಂದು ಊರೇ ಅಡ್ಡಹೆಸರಾಗಿರುವುದೂ ಉಂಟು. ಆದರೆ ಮೈಸೂರು ಕಡೆಯ ಮಕ್ಕಳು ‘ಅಡ್ಡಹೆಸರು’ ಎಂದರೆ ಗೆಳೆಯರು ಛೇಡಿಸಲು ಇಟ್ಟ ಹೆಸರು ಎಂದುಕೊಳ್ಳುತ್ತಾರೆ. ‘ಉಪನಾಮ’ ಎಂದರೆ ಆ ಗೊಂದಲವಿಲ್ಲ, ಆದರೆ ಪಠ್ಯಪುಸ್ತಕದ ಬಿಗುವಿದೆ. ಎರಡೂ ಕಡೆಯ ಮಕ್ಕಳಿಗೆ ಒಂದೇ ಅರ್ಥ ಕೊಡುವ, ಮಾತಿನಲ್ಲಿ ಬಳಕೆಯಲ್ಲಿರುವ ಪದ ನಿಮ್ಮ ಸೀಮೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಯಾವ ತಾಲ್ಲೂಕಿನಲ್ಲಿ ಕೇಳಿದಿರಿ ಎಂಬುದನ್ನೂ ಬರೆಯಿರಿ.