ಅಪ್‌ಡೇಟ್: ಟೈಪ್ 1 ಡಯಾಬಿಟಿಸ್ ಇರುವ ಮಗಳನ್ನು ಶಾಲೆಯಲ್ಲಿ ಆಟಕ್ಕೆ ಬಿಡುತ್ತಿಲ್ಲ

ಐದನೇ ಕ್ಲಾಸಿನ ಮಗಳನ್ನು ಪಿ.ಟಿ. ಪೀರಿಯಡ್‌ನಲ್ಲಿ ಪಕ್ಕಕ್ಕೆ ಕೂರಿಸುತ್ತಾರೆ, ಪ್ರವಾಸಕ್ಕೂ ಬೇಡ ಅಂತಾರೆ, ಶಾಲೆಯವರ ಹತ್ತಿರ ಹೇಗೆ ಮಾತಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಡಾಕ್ಟರ್ ಪತ್ರ ತಗೊಂಡು ಹೋಗಿ ಅಂದಿದ್ರಲ್ಲ, ಅದೇ ಕೆಲಸ ಮಾಡಿತು. ಶಾಲೆಯವರಿಗಿದ್ದದ್ದು ಭಯ, ಅಷ್ಟೇ. ಈಗ ಸ್ಟಾಫ್ ರೂಮಿನ ಗೋಡೆಗೆ ಕನ್ನಡದಲ್ಲೇ ಬರೆದು ಅಂಟಿಸಿದ್ದೇವೆ: ಕೈ ನಡುಗಿದರೆ, ಬೆವರಿದರೆ, ಮಂಕಾದರೆ ಶುಗರ್ ತೀರಾ ಇಳಿದಿರಬಹುದು, ತಕ್ಷಣ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ಈಗ ಆಟಕ್ಕೆ ಮುಂಚೆ ಶುಗರ್ ನೋಡಿಕೊಂಡು, ಬೇಕಿದ್ದರೆ ಎರಡು ಬಿಸ್ಕತ್ತು ತಿಂದು ಖೋಖೋಗೆ ಇಳಿಯುತ್ತಾಳೆ. ಮಂಡಿ ತರಚಿಕೊಂಡು ಬಂದು ಅದನ್ನೇ ಹೆಮ್ಮೆಯಿಂದ ತೋರಿಸಿದಳು! ದಿನಾ ಚುಚ್ಚುವ ಸೂಜಿಗಿಂತ, ಎಲ್ಲರೂ ಆಡುವಾಗ ಬೆಂಚಿನ ಮೇಲೆ ಕೂರುವುದೇ ಅವಳಿಗೆ ಹೆಚ್ಚು ನೋವು ಕೊಡುತ್ತಿತ್ತು.

ನೆಂಟರ "ಅಯ್ಯೋ ಪಾಪ, ಸಿಹಿ ಜಾಸ್ತಿ ಕೊಟ್ರಾ?" ಮಾತ್ರ ನಿಂತಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ನಾಶ ಮಾಡುವ ಕಾಯಿಲೆ ಇದು, ಸಿಹಿ ತಿಂದು ಬರುವುದಲ್ಲ. ದಯವಿಟ್ಟು ಮಗುವಿನ ಎದುರು ಹಾಗೆ ಅನ್ನಬೇಡಿ.

ಪ್ರವಾಸದ್ದು ಇನ್ನೂ ತೀರ್ಮಾನ ಆಗಿಲ್ಲ. ನಾನೂ ಹೋದರೆ ಒಪ್ಪುತ್ತಾರಂತೆ, ಅವಳಿಗೆ ಅದು ಇಷ್ಟವಿಲ್ಲ. ಇಂಥ ಮಕ್ಕಳನ್ನು ತಾವು ಜೊತೆಗೆ ಹೋಗದೆ ಪ್ರವಾಸಕ್ಕೆ ಕಳಿಸಿದವರಿದ್ದರೆ, ರಾತ್ರಿಯ ಇನ್ಸುಲಿನ್ ಯಾರು ನೋಡಿಕೊಂಡರು ಅಂತ ತಿಳಿಸಿ.